ಅಣ್ಣ-ತಮ್ಮಂದಿರ ಒಪ್ಪಂದ, ಕಂಪನಿಯ ಗೋದಾಮು

ಪ್ರಶ್ನೆ: ನಮ್ಮ ಅಕ್ಕಿ ಗಿರಣಿ ಪ್ರೈವೇಟ್ ಲಿಮಿಟೆಡ್ ಕಂಪನಿ. ಅಣ್ಣನದು, ನನ್ನದು ತಲಾ ಶೇ 35 ಷೇರು. ಶೇ 30 ಹೊರಗಿನ ಆರು ಜನರದು. ಹಿರಿಯರ ಸಮ್ಮುಖದಲ್ಲಿ ಬರೆದುಕೊಂಡಂತೆ ನನ್ನ ಷೇರು ಅಣ್ಣನಿಗೆ, ಕಂಪನಿ ಹೆಸರಿನ ಗೋದಾಮು ನನಗೆ. ಈಗ ಅಣ್ಣ ಹಿಂದೇಟು ಹಾಕುತ್ತಿದ್ದಾರೆ, ಹೊರಗಿನವರದೂ ತಕರಾರು. ಕೋರ್ಟಿನಿಂದ ಜಾರಿ ಮಾಡಿಸಬಹುದೇ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಷೇರಿನ ಮಟ್ಟಿಗೆ ದಾರಿಯಿದೆ. ಗೋದಾಮಿನ ಮಟ್ಟಿಗೆ, ಬರೆದಿರುವ ಹಾಗೆಯೇ ಆಗುವುದು ಕಷ್ಟ. ಶೇ 70 ಷೇರಿದ್ದರೂ ಗೋದಾಮು ನಿಮ್ಮಿಬ್ಬರದಲ್ಲ, ಕಂಪನಿಯದು. ಕಂಪನಿ ಆ ಪತ್ರಕ್ಕೆ ಸಹಿ ಹಾಕಿಲ್ಲ. ಅಂಬಾನಿ ಸಹೋದರರ ನೈಸರ್ಗಿಕ ಅನಿಲ (ಗ್ಯಾಸ್) ವಿವಾದದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಷೇರುದಾರರ ಮುಂದೆ ಬಾರದ ಕುಟುಂಬದ ಒಪ್ಪಂದ ಕಂಪನಿಯನ್ನು ಕಟ್ಟಿಹಾಕದು.

ಗೋದಾಮನ್ನು ಡಿಮರ್ಜರ್ (ಕಂಪನಿಯ ಒಂದು ಭಾಗವನ್ನು ಬೇರೆ ಕಂಪನಿಗೆ ಒಪ್ಪಿಸುವುದು) ಮೂಲಕ ಬೇರ್ಪಡಿಸೋಣವೆಂದರೆ ಲೆಕ್ಕ ಕೂಡುವುದಿಲ್ಲ. ಮತ ಹಾಕಿದವರಲ್ಲಿ ಷೇರು ಮೌಲ್ಯದ ಮುಕ್ಕಾಲು ಪಾಲು ಬೇಕು, ಜೊತೆಗೆ ತಲೆಯೆಣಿಕೆಯಲ್ಲೂ ಬಹುಮತ ಬೇಕು. ಎಲ್ಲರೂ ಮತ ಹಾಕಿದರೆ ನಿಮ್ಮದು ಶೇ 70, ತಲೆ ಎರಡು, ಎದುರಿಗೆ ಆರು.

ನನ್ನ ಸಲಹೆ, ಗೋದಾಮನ್ನು ಕ್ರಯಕ್ಕೆ ಪಡೆಯಿರಿ. ಅಣ್ಣ ಷೇರಿನ ಹಣ ಕೊಡಲಿ, ಅದೇ ಹಣದಿಂದ ಕಂಪನಿಗೆ ಗೋದಾಮಿನ ಬೆಲೆ ಪಾವತಿಸಿ ಕ್ರಯಪತ್ರ ನೋಂದಾಯಿಸಿಕೊಳ್ಳಿ. ಅದಕ್ಕೆ ಮೊದಲು ನೋಂದಾಯಿತ ಮೌಲ್ಯಮಾಪಕರ ವರದಿ ತರಿಸಿ, ಬೋರ್ಡಿನಲ್ಲಿ ನಿಮ್ಮ ಹಿತಾಸಕ್ತಿ ಘೋಷಿಸಿ. ಬೆಲೆ ಕಂಪನಿಯ ನಿವ್ವಳ ಮೌಲ್ಯದ ಶೇ 10 ಮುಟ್ಟಿದರೆ ಕಂಪನಿ ಕಾಯ್ದೆಯ ಸೆಕ್ಷನ್ 188ರಂತೆ ಸಾಮಾನ್ಯ ಸಭೆಯ ನಿರ್ಣಯವೂ ಬೇಕಾಗುತ್ತದೆ. ಪ್ರೈವೇಟ್ ಕಂಪನಿಯಾದ್ದರಿಂದ ಹಿತಾಸಕ್ತಿಯಿದ್ದರೂ ಅಲ್ಲಿ ನೀವಿಬ್ಬರೂ ಮತ ಹಾಕಬಹುದು. ಆದರೆ ವಾರ್ಷಿಕ ಲೆಕ್ಕಪತ್ರ, ರಿಟರ್ನ್ ಸಲ್ಲಿಕೆ ಬಾಕಿಯಿದ್ದರೆ ಈ ವಿನಾಯಿತಿ ಸಿಗದು. ಬೆಲೆಯಲ್ಲಿ ಮಾತ್ರ ಕೈಯಾಡಿಸಬೇಡಿ. ಕಡಿಮೆ ದರಕ್ಕೆ ಬರೆಸಿಕೊಂಡರೆ ಹೊರಗಿನವರು ಸೆಕ್ಷನ್ 241ರಡಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ಹೋಗುತ್ತಾರೆ. ಅದಕ್ಕೆ ಶೇ 10 ಷೇರು ಸಾಕು, ಅವರಲ್ಲಿ ಶೇ 30 ಇದೆ. ಅವರ ದುಡ್ಡೂ ಆ ಗೋಡೆಗಳಲ್ಲಿದೆ, ತಕರಾರು ನ್ಯಾಯವಾದದ್ದೇ.

ಷೇರು ವರ್ಗಾವಣೆಗೆ ಮುನ್ನ ಕಂಪನಿಯ ಆರ್ಟಿಕಲ್ಸ್ (ಆಂತರಿಕ ನಿಯಮಾವಳಿ) ತೆಗೆದು ನೋಡಿ. ಮಾರುವ ಷೇರನ್ನು ಮೊದಲು ಎಲ್ಲ ಸದಸ್ಯರಿಗೂ ಕೊಡಮಾಡಬೇಕೆಂದಿದ್ದರೆ ಆರೂ ಜನರಿಗೆ ನೋಟಿಸು ಕೊಡಿ, ಇಲ್ಲವೇ ಬೇಡವೆಂದು ಬರೆಸಿಕೊಳ್ಳಿ. ಆ ಹಂತ ಬಿಟ್ಟರೆ ಬೋರ್ಡ್ ವರ್ಗಾವಣೆಯನ್ನು ತಿರಸ್ಕರಿಸಬಹುದು.

ಅಣ್ಣ ಕೊನೆಗೂ ಒಪ್ಪದಿದ್ದರೆ, ಅವರು ಖುದ್ದಾಗಿ ಒಪ್ಪಿದ ಷೇರು ಖರೀದಿಯಷ್ಟನ್ನು ಜಾರಿ ಮಾಡಿಸಲು ಸಿವಿಲ್ ದಾವೆ ಹೂಡಿ. ಗೋದಾಮಿಗೆ ಬದಲು ಷೇರು ಎಂದಷ್ಟೇ ಬರೆದು ದರ ನಮೂದಿಸದಿದ್ದರೆ ದಾವೆ ದುರ್ಬಲ; ಹಾಗಿದ್ದರೆ ಮೊದಲು ದರ ನಿಗದಿಪಡಿಸುವ ಪೂರಕ ಪತ್ರಕ್ಕೆ ಯತ್ನಿಸಿ. ಒಪ್ಪಂದದಲ್ಲಿ ಗಡುವು ಇದ್ದರೆ ಆ ದಿನದಿಂದ, ಇಲ್ಲವಾದರೆ ಅಣ್ಣ ನಿರಾಕರಿಸಿದ್ದು ನಿಮಗೆ ತಿಳಿದ ದಿನದಿಂದ 3 ವರ್ಷದೊಳಗೆ ದಾವೆ ದಾಖಲಾಗಬೇಕು.