ಹಳೆ ಮನೆಯ ಬಚ್ಚಲಲ್ಲಿ ನೀರು ಸಣ್ಣಗೆ ಬರುತ್ತಿದೆ, ಪ್ರೆಷರ್ ಪಂಪ್ ಹಾಕಿಸಲೇ?

ನೀವು ಬರೆದದ್ದು ಇಷ್ಟು: ಹಳ್ಳಿಯಲ್ಲಿ 40 ವರ್ಷದ ಮನೆ, ಗೋಡೆಯೊಳಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಬಚ್ಚಲಲ್ಲಿ ನೀರು ಸಣ್ಣಗೆ, ಬೆಳಿಗ್ಗೆ ಮೊದಲು ಬರುವ ನೀರು ಕಂದು ಬಣ್ಣ, ಆಗಾಗ ಕೆಟ್ಟ ವಾಸನೆ. ಪ್ಲಂಬರ್ ಕರೆದರೆ ಬರೋದಕ್ಕೆ ವಾರ ಬೇಕು. ಹಾಗಾಗಿ ಒಂದು ಪ್ರೆಷರ್ ಪಂಪ್ ಹಾಕಿಸಿಬಿಡಲೇ ಅಂತ ಕೇಳಿದ್ದೀರಿ.

ಈಗಲೇ ಬೇಡ. ನಾನು ಪ್ಲಂಬರ್ ಅಲ್ಲ. ಆದರೆ ಇಂಥದ್ದೇ ಮನೆಯಲ್ಲಿ 12 ವರ್ಷದಿಂದ ಇದ್ದೇನೆ, ಮಾಡಬಾರದ್ದನ್ನೆಲ್ಲ ಒಂದೊಂದು ಸಲ ಮಾಡಿ ಮುಗಿಸಿದ್ದೇನೆ.

ನಮ್ಮ ಬಚ್ಚಲ ಗೋಡೆಯಿಂದ ಕತ್ತರಿಸಿ ತೆಗೆದ ಅರ್ಧ ಇಂಚಿನ ಜಿಐ ಪೈಪಿನ ಗೇಣುದ್ದದ ತುಂಡೊಂದು ಇನ್ನೂ ನನ್ನ ಹತ್ತಿರ ಇದೆ. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟಾಗಿದೆ. ಬೆಳಕಿಗೆ ಹಿಡಿದು ಒಳಗೆ ನೋಡಿದರೆ ಹುತ್ತದ ಹಾಗೆ ಗಂಟುಗಂಟಾಗಿ ತುಕ್ಕು. ಒಂದು ಪೆನ್ಸಿಲ್ ತೂರಿಸಿದೆ, ಎರಡು ಬೆರಳಿನಷ್ಟು ಹೋಗಿ ನಿಂತುಬಿಟ್ಟಿತು. ಕಬ್ಬಿಣದ ಮೇಲೆ ಬಳಿದ ಸತುವಿನ ಲೇಪ ಒಳಗಿನಿಂದ ಸವೆದ ಮೇಲೆ ಹೀಗಾಗುತ್ತದೆ. ಗಡಸು ನೀರಾದರೆ ಅದರ ಮೇಲೆ ಸುಣ್ಣವೂ ಕಟ್ಟುತ್ತದೆ. ಒಳಗಿನ ತೂತು ಅರ್ಧ ಅಗಲಕ್ಕೆ ಇಳಿದರೆ ನೀರು ಹಾಯುವ ಜಾಗ ಕಾಲು ಭಾಗಕ್ಕೆ ಇಳಿಯಿತು ಅಂತ ಲೆಕ್ಕ. ಇಂಥ ಪೈಪಿಗೆ ಪಂಪ್ ಕೂರಿಸಿದರೆ ನೀರು ಸ್ವಲ್ಪ ಜಾಸ್ತಿ ಬರಬಹುದು. ಜೊತೆಗೆ ತುಕ್ಕು ತಿಂದು ತೆಳುವಾದ ಜಾಗ ಗೋಡೆಯೊಳಗೇ ಒಡೆಯಲೂಬಹುದು.

ಅದಕ್ಕೇ ಮೊದಲು ತೊಂದರೆ ಎಲ್ಲಿದೆ ಅಂತ ಹುಡುಕಿ. ಒಂದು ಬಕೆಟ್, ಒಂದು ಗಡಿಯಾರ ಸಾಕು. ಪ್ರತಿ ನಲ್ಲಿಯನ್ನೂ ಪೂರ್ತಿ ಬಿಟ್ಟು ಅದೇ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಬರೆದುಕೊಳ್ಳಿ. ಎಲ್ಲ ಕಡೆಯೂ ನಿಧಾನವಾದರೆ ಟ್ಯಾಂಕಿನ ಬಾಯಿ, ಮುಖ್ಯ ವಾಲ್ವ್ ಅಥವಾ ಅಲ್ಲಿಂದ ಇಳಿಯುವ ಪೈಪಿನಲ್ಲಿ ಏನೋ ಇದೆ. ಟ್ಯಾಂಕಿನಿಂದ ದೂರ ಹೋದಂತೆಲ್ಲ ನಿಧಾನವಾಗುತ್ತಾ ಹೋದರೆ ಪೈಪೇ ಕಟ್ಟಿಕೊಂಡಿರಬಹುದು. ಒಂದೇ ನಲ್ಲಿ ನಿಧಾನವಾದರೆ ಅದರ ಮೂತಿಯ ಜಾಲರಿ ಬಿಚ್ಚಿ ನೋಡಿ. ನಮ್ಮ ಅಡುಗೆಮನೆ ನಲ್ಲಿಯ ಜಾಲರಿಯಲ್ಲಿ ಒಂದು ಚಮಚ ಮರಳು ಸಿಕ್ಕಿತ್ತು! ಬಿಸಿನೀರು ಮಾತ್ರ ಸಣ್ಣಗಿದ್ದರೆ ಹೀಟರ್ ಕಡೆಯ ಪೈಪು ನೋಡಿ.

ಕಂದು ನೀರಿಗೂ ಇಂಥದ್ದೇ ಪರೀಕ್ಷೆ. ಬೆಳಿಗ್ಗೆ ಒಂದೆರಡು ನಿಮಿಷ ಬಿಟ್ಟ ಮೇಲೆ ತಿಳಿಯಾದರೆ ಅದು ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿನ ತುಕ್ಕು. ಎಷ್ಟು ಬಿಟ್ಟರೂ ಕಂದಾಗೇ ಬಂದರೆ ಟ್ಯಾಂಕಿನ ತಳದ ಕೆಸರು, ಇಲ್ಲವೇ ಬಾವಿಯ ನೀರೇ ಹಾಗಿದೆ.

ಇನ್ನು ಯಾವುದಕ್ಕೂ ಪಾನಾ ಹಾಕುವ ಮುಂಚೆ ನೀರು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರಲಿ. ಇದನ್ನು ನಾನು ಕಲಿತದ್ದು ಒಂದು ರಾತ್ರಿ ಒಂಬತ್ತು ಗಂಟೆಗೆ. ತೊಟ್ಟಿಕ್ಕುವ ನಲ್ಲಿಗೆ ವಾಷರ್ ಹಾಕೋಣ ಅಂತ ಟ್ಯಾಂಕಿನ ಕೆಳಗಿನ ಗೇಟ್ ವಾಲ್ವ್ ತಿರುಗಿಸಲು ಹೋದೆ. ಯಾವ ಕಾಲದಿಂದಲೋ ಯಾರೂ ಮುಟ್ಟಿರಲಿಲ್ಲ, ಅಲ್ಲಾಡಲಿಲ್ಲ. ಪಾನಾ ಹಾಕಿ ಬಲವಾಗಿ ತಿರುಗಿಸಿದೆ. ಚಕ್ರ ಸಲೀಸಾಗಿ ತಿರುಗಿತು, ಖುಷಿಯಾಯ್ತು. ಒಳಗೆ ಗೇಟನ್ನು, ಅಂದರೆ ನೀರು ತಡೆಯುವ ತಟ್ಟೆಯನ್ನು, ಎತ್ತಿ ಇಳಿಸುವ ಕಡ್ಡಿ ಮುರಿದಿತ್ತು, ಗೇಟ್ ಮಾತ್ರ ಇದ್ದಲ್ಲೇ ಇತ್ತು. ಅದು ಗೊತ್ತಾಗಿದ್ದು ನಲ್ಲಿ ಬಿಚ್ಚಿ ನೀರು ಮುಖಕ್ಕೆ ಹೊಡೆದಾಗ. ಕೊನೆಗೆ ಟ್ಯಾಂಕಿನ ಮುಚ್ಚಳ ತೆಗೆದು, ಕೋಲಿಗೆ ಬಟ್ಟೆ ಸುತ್ತಿ ಒಳಗಿನಿಂದಲೇ ತೂತಿಗೆ ತುರುಕಿ ನಿಲ್ಲಿಸಿದೆ.

ಹಳೆ ಗೇಟ್ ವಾಲ್ವ್ ಬಿಗಿಯಾಗಿದ್ದರೆ ಕಡ್ಡಿಯ ಸುತ್ತ ಎರಡು ಹನಿ ಎಣ್ಣೆ ಬಿಟ್ಟು, ಕೈಯಲ್ಲೇ ಸ್ವಲ್ಪ ಹಿಂದೆ ಸ್ವಲ್ಪ ಮುಂದೆ ಮಾಡಿ ಸಡಿಲಿಸಿ. ಬರಲಿಲ್ಲವಾ, ಬಿಟ್ಟುಬಿಡಿ. ಟ್ಯಾಂಕ್ ಖಾಲಿ ಮಾಡಿ ಆ ವಾಲ್ವ್ ಜಾಗಕ್ಕೆ ಬಾಲ್ ವಾಲ್ವ್ (ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಮುಚ್ಚುವಂಥದ್ದು) ಹಾಕಿಸಿ. ನನ್ನ ಕೇಳಿದರೆ ಈ ಮನೆಗೆ ಮೊದಲ ಖರ್ಚು ಅದೇ, ಪಂಪ್ ಅಲ್ಲ. ಸಾಧ್ಯವಾದರೆ ಬಚ್ಚಲಿಗೊಂದು, ಅಡುಗೆಮನೆಗೊಂದು ಬೇರೆ ಬೇರೆ ಇರಲಿ. ಪ್ಲಂಬರ್ ಬರೋದಕ್ಕೆ ವಾರ ಆಗುವ ಕಡೆ ಒಂದು ನಲ್ಲಿ ಕೆಟ್ಟರೆ ಇಡೀ ಮನೆಗೆ ನೀರಿಲ್ಲ ಅಂತ ಆಗಬಾರದು ಅಲ್ವಾ? ಹಾಕಿದ ಮೇಲೆ ಆರು ತಿಂಗಳಿಗೊಮ್ಮೆ ಎಲ್ಲವನ್ನೂ ಮುಚ್ಚಿ ತೆಗೆಯಿರಿ. ಸುಮ್ನೆ ಬಿಟ್ಟರೆ ಇವೂ ಹಿಡಿದುಕೊಳ್ಳುತ್ತವೆ.

ವಾಸನೆಗೆ ಹೆದರಬೇಡಿ. ಬಚ್ಚಲಿನ ಜಾಲರಿ ಕೆಳಗೆ ಒಂದು ಬಾಗು ಇರುತ್ತದೆ. ಅದರಲ್ಲಿ ನಿಂತ ನೀರೇ ಚರಂಡಿ ಗಾಳಿ ಮೇಲೆ ಬಾರದಂತೆ ತಡೆಯುವ ಬಾಗಿಲು. ಬಳಸದ ಬಚ್ಚಲಲ್ಲಿ ಆ ನೀರು ಆರಿಹೋಗುತ್ತದೆ, ಗಾಳಿ ಮೇಲೆ ಬರುತ್ತದೆ. ವಾರಕ್ಕೊಂದು ಚೊಂಬು ನೀರು ಸುರಿದರೆ ಮುಗಿಯಿತು. ತುಂಬ ಹಳೆ ಮನೆಗಳಲ್ಲಿ ಆ ಬಾಗೇ ಇರುವುದಿಲ್ಲ, ಆಗ ಹೊಸದಾಗಿ ಹಾಕಿಸಬೇಕು. ಬಾಗಿನಲ್ಲಿ ನೀರಿದ್ದೂ ವಾಸನೆ ಬಂದರೆ, ಅದರಲ್ಲೂ ಫ್ಲಶ್ ಮಾಡಿದಾಗ ಬೇರೆ ಜಾಲರಿಯಲ್ಲಿ ಗುಳುಗುಳು ಸದ್ದು ಕೇಳಿದರೆ, ಚರಂಡಿ ಗಾಳಿ ಹೊರಹೋಗುವ ಪೈಪು ಕಟ್ಟಿದೆಯಾ, ಸೆಪ್ಟಿಕ್ ಟ್ಯಾಂಕ್ ತುಂಬಿದೆಯಾ ನೋಡಿಸಿ. ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕು. ಅಡುಗೆ ಎಣ್ಣೆ, ಪ್ಯಾಡ್, ಒದ್ದೆ ಟಿಶ್ಯೂ ಅದಕ್ಕೆ ಹೋಗದಿರಲಿ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಆ ಟ್ಯಾಂಕಿನೊಳಗೆ ನೀವೂ ಇಳಿಯಬೇಡಿ, ಇನ್ನೊಬ್ಬರನ್ನೂ ಇಳಿಸಬೇಡಿ, ಬಗ್ಗಿ ಇಣುಕಲೂ ಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸಬಲ್ಲದು. ಜಾಸ್ತಿ ಇದ್ದಾಗ ಮೂಗಿಗೆ ಅದರ ವಾಸನೆಯೂ ಗೊತ್ತಾಗುವುದಿಲ್ಲ. ಹೀರುವ ಯಂತ್ರದವರನ್ನೇ ಕರೆಸಿ.

ಗುಪ್ತವಾಗಿ ಸೋರುತ್ತಿದೆಯಾ ತಿಳಿಯಲು ರಾತ್ರಿ ಎಲ್ಲ ನಲ್ಲಿ ಮುಚ್ಚಿ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಯಾರೂ ಏಳುವ ಮುಂಚೆ ನೋಡಿ. ಇಳಿದಿದ್ದರೆ ಮೊದಲ ಅನುಮಾನ ಫ್ಲಶ್ ಟ್ಯಾಂಕಿನ ಮೇಲೆ. ಅದಕ್ಕೆ ಸ್ವಲ್ಪ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಬಣ್ಣ ಕಮೋಡಿಗೆ ಇಳಿದರೆ ಒಳಗಿನ ರಬ್ಬರ್ ಬದಲಿಸಿ.

ಬಕೆಟ್ ಲೆಕ್ಕದಲ್ಲಿ ಪೈಪೇ ಕಟ್ಟಿದೆ ಅಂತ ಬಂದರೆ, ತೇಪೆ ಹಾಕುತ್ತಾ ಕೂರಬೇಡಿ. ಹಳೆ ಜಿಐ ಪೈಪಿನ ಒಂದು ಜಾಯಿಂಟ್ ಬಿಚ್ಚಲು ಹೋದರೆ ಪಕ್ಕದ ಎರಡು ಸೋರಲು ಶುರುವಾಗುತ್ತವೆ. ಗೋಡೆಯೊಳಗಿನದನ್ನು ಅಲ್ಲೇ ಬಿಟ್ಟು, ಗೋಡೆಯ ಮೇಲೆಯೇ ಹೊಸ ಪೈಪು ಎಳೆಸಿ. ನೋಡಲು ಅಷ್ಟು ಚೆಂದ ಇರಲ್ಲ, ಆದರೆ ಮುಂದೆ ಸೋರಿದರೆ ಕಣ್ಣಿಗೆ ಕಾಣುತ್ತದೆ. ಬಿಸಿನೀರಿಗೆ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್) ಪೈಪು ಹಾಕಿಸಿ, ಮಾಮೂಲಿ ಪಿವಿಸಿ ಬಿಸಿಗೆ ಬಾಗುತ್ತದೆ. ಬಿಸಿಲಿಗೆ ಬೀಳುವ ಪ್ಲಾಸ್ಟಿಕ್ ಪೈಪಿಗೆ ಬಣ್ಣ ಬಳಿಸಿ, ಇಲ್ಲದಿದ್ದರೆ ಕೆಲವು ವರ್ಷಕ್ಕೆ ಪೆಡಸಾಗುತ್ತದೆ. ಮತ್ತೊಂದು ವಿಷಯ ತುಂಬಾ ಜನಕ್ಕೆ ಹೊಳೆಯುವುದಿಲ್ಲ. ಕೆಲವು ಹಳೆ ಮನೆಗಳಲ್ಲಿ ಕರೆಂಟಿನ ಅರ್ಥಿಂಗ್ ವೈರನ್ನು ನೀರಿನ ಕಬ್ಬಿಣದ ಪೈಪಿಗೇ ಕಟ್ಟಿರುತ್ತಾರೆ. ನಡುವೆ ಪ್ಲಾಸ್ಟಿಕ್ ಬಂದರೆ ಅರ್ಥಿಂಗ್ ಕಡಿದುಹೋಗುತ್ತದೆ. ಪೈಪು ಕತ್ತರಿಸುವ ಮುಂಚೆಯೇ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿ.

ಇಷ್ಟಾದ ಮೇಲೂ ಷವರ್ ಸಣ್ಣಗೇ ಬಂದರೆ ಆಗ ಟ್ಯಾಂಕಿನ ಎತ್ತರ ಅಳೆಯಿರಿ. ಷವರ್‌ನಿಂದ ನೀರಿನ ಮಟ್ಟ ಎಷ್ಟು ಮೀಟರ್ ಮೇಲಿದೆಯೋ, ಪ್ರತಿ ಮೀಟರಿಗೆ 0.1 ಬಾರ್ ಒತ್ತಡ, ಅಷ್ಟೇ. ಟ್ಯಾಂಕ್ ಬರೀ ಒಂದು ಮೀಟರ್ ಮೇಲಿದ್ದರೆ ಎಂಥ ಹೊಸ ಪೈಪಾದರೂ ಷವರ್ ಜೋರಾಗಿ ಬರಲ್ಲ. ಆಗ ಧೈರ್ಯವಾಗಿ ಪಂಪ್ ಹಾಕಿಸಿ. ಸದ್ಯಕ್ಕೆ ಬಕೆಟ್ ಲೆಕ್ಕ ಮಾಡಿ ಇಲ್ಲೇ ಬರೆಯಿರಿ, ಯಾವ ಕಡೆಯಿಂದ ಶುರು ಮಾಡೋದು ಅಂತ ನೋಡೋಣ.