ಪ್ರತಿಕ್ರಿಯೆ: ಕಂಪನಿ ಮೇಲೆ ಸಿಟ್ಟಿದ್ದರೂ ಜಿಆರ್ 3 ಮಾರಬೇಕೇ?

ರಿಕೋ ಕಂಪನಿಯ ಜಿಆರ್ 3 ಕ್ಯಾಮೆರಾದ ಫೋಟೊಗಳಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ, ಬಿದ್ರಿ ಹೂಜಿಯ ಬೆಳ್ಳಿ ಸುಟ್ಟಂತೆ ಬರುತ್ತದೆ, ಮಾರಿಬಿಡಲೇ ಎಂದು ಕೇಳಿದ್ದೀರಿ. ಹಿಂದಿನ ಜಿಆರ್ 2ರಲ್ಲಿದ್ದ ಫ್ಲ್ಯಾಶ್ ಇದರಲ್ಲಿ ತೆಗೆದುಹಾಕಿದ್ದಾರೆಂಬ ನಿಮ್ಮ ಸಿಟ್ಟು ನ್ಯಾಯವೇ. ಆದರೆ ಜೇಬಿನಲ್ಲಿ ಕೂರುವ ಕ್ಯಾಮೆರಾದಲ್ಲಿ ಎಪಿಎಸ್-ಸಿ ಎಂಬ ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಮತ್ತು ಇಂಥ ಚೂಪಾದ ಲೆನ್ಸ್ ಬೇರೆ ಎಲ್ಲಿ ಸಿಗುತ್ತದೆ ಹೇಳ್ರಿ? ಮಾರಬೇಡ್ರಿ.

ಬೀದರ್ ಕೋಟೆಯ ಫೋಟೊಗಳ ಆಕಾಶದಲ್ಲಿ ಕಾಣುವ ಕಪ್ಪು ಚುಕ್ಕೆ ಬಹುತೇಕ ಧೂಳು. ಈ ಕ್ಯಾಮೆರಾಗೆ ಧೂಳು ತಡೆಯುವ ಸೀಲಿಂಗ್ ಇಲ್ಲ; ಲೆನ್ಸ್ ಒಳಹೋಗುವಾಗ ಅದರ ಕೊಳವೆಗೆ ಅಂಟಿದ ಕೆಂಪು ಜಂಬಿಟ್ಟಿಗೆ ಪುಡಿಯೂ ಜೊತೆಗೇ ಹೋಗುತ್ತದೆ. ಎಫ್/16 (ಲೆನ್ಸಿನ ರಂಧ್ರ ತೀರಾ ಕಿರಿದು), ಐಎಸ್ಒ 100 (ಬೆಳಕಿನ ಸಂವೇದನೆ ಕಡಿಮೆ) ಇಟ್ಟು, ಫೋಕಸ್ ತಪ್ಪಿಸಿ ಬಿಳಿ ಗೋಡೆ ತೆಗೆಯಿರಿ. ಅದೇ ಚುಕ್ಕೆ ರಂಧ್ರ ಅಗಲವಿರುವ ಎಫ್/2.8ರಲ್ಲಿ ಮಾಯವಾದರೆ ಧೂಳು ಸೆನ್ಸರ್ ಮೇಲಿದೆ. ಲೆನ್ಸ್ ಕೆಳಮುಖ ಮಾಡಿ ಮೆನುವಿನ ಧೂಳು ತೆಗೆಯುವ ಆಯ್ಕೆಯನ್ನು ನಾಲ್ಕೈದು ಸಲ ಓಡಿಸಿ. ಕೊಳವೆಯ ಸಂದಿಗೆ ಬ್ಲೋವರ್ ಊದಲೇಬೇಡಿ, ಪುಡಿ ಇನ್ನೂ ಒಳಕ್ಕೆ ಹೋಗುತ್ತದೆ. ಆಫ್ ಮಾಡುವ ಮುನ್ನ ಒಣ ಮೆತ್ತನೆ ಬ್ರಷ್‌ನಿಂದ ಕೊಳವೆ ಒರೆಸಿ. ಹೋಗದ ಚುಕ್ಕೆಗೆ ಸೆನ್ಸರ್ ಕ್ಲೀನಿಂಗೇ ಗತಿ, ಅದಕ್ಕೆ ಬಾಡಿ ಬಿಚ್ಚಬೇಕು. ಅಲ್ಲಿಯವರೆಗೆ ರಂಧ್ರವನ್ನು ಎಫ್/5.6ಕ್ಕಿಂತ ಕಿರಿದು ಮಾಡಬೇಡಿ.

ಬಿದ್ರಿ ಹೂಜಿಯ ಬೆಳ್ಳಿ ಸುಟ್ಟಂತೆ ಬರುವುದಕ್ಕೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಕಾರಣ: ಕಪ್ಪು ಹೆಚ್ಚಿದ್ದಾಗ ಅದು ಬೆಳಕು ಏರಿಸುತ್ತದೆ. ಹೊಳೆಯುವ ಭಾಗ ಸುಡದಂತೆ ಅಳೆಯುವ ಹೈಲೈಟ್ ಮೀಟರಿಂಗ್ ಹಾಕಿ, ಇಲ್ಲವೇ ಬೆಳಕನ್ನು ಒಂದು ಹಂತ ತಗ್ಗಿಸುವ −1 ಇವಿ. ತೀರಾ ಹತ್ತಿರ ಹೋದರೆ ಈ ಲೆನ್ಸಿನ 28 ಮಿ.ಮೀ. ಅಗಲ ನೋಟದಲ್ಲಿ ಹೂಜಿಯ ಹೊಟ್ಟೆ ಉಬ್ಬುತ್ತದೆ. ಹಿಂದೆ ಸರಿದು 50 ಮಿ.ಮೀ. ಕ್ರಾಪ್ (ಚಿತ್ರದ ನಡುಭಾಗವನ್ನಷ್ಟೇ ಉಳಿಸುವ ಆಯ್ಕೆ) ಬಳಸಿ. ಸುಮಾರು 7 ಮೆಗಾಪಿಕ್ಸೆಲ್ ಉಳಿಯುತ್ತದೆ, ಮೊಬೈಲಿನಲ್ಲಿ ನೋಡಲು ಧಾರಾಳ ಸಾಕು. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಕೊಳ್ಳಬೇಡಿ, ಲೋಹದ ಹೊಳಪನ್ನು ಅದು ಅಷ್ಟಾಗಿ ಕಡಿಯದು. ಕಿಟಕಿಯ ಓರೆ ಬೆಳಕು, ಎದುರಿಗೊಂದು ಕಪ್ಪು ಬಟ್ಟೆ ಸಾಕು.