ಪ್ರಶ್ನೋತ್ತರ: ಆನ್‌ಲೈನ್ ಹರಾಜಿನಲ್ಲಿ ಅಪರೂಪದ ನಾಣ್ಯ, ಅಸಲಿಯೋ ಖೋಟಾವೋ?

ಪ್ರಶ್ನೆ: ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ 1893ರ ಮಾರ್ಗನ್ ಡಾಲರ್ ಎಂಬ ಬೆಳ್ಳಿ ನಾಣ್ಯವೊಂದು ಆನ್‌ಲೈನ್ ಹರಾಜಿಗೆ ಬಂದಿದೆ. ನಾಣ್ಯವನ್ನು ತಕ್ಕಡಿಯ ಮೇಲಿಟ್ಟು ತೂಕ ತೋರಿಸಿ, ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲವೆಂಬುದನ್ನೂ ತೋರಿಸುವ ವಿಡಿಯೊ ಜೊತೆಗಿದೆ. ಇಷ್ಟು ಪುರಾವೆ ಸಾಲದೇ?

ಉತ್ತರ: ಸಾಲದು. ಮಾರ್ಗನ್ ಡಾಲರಿನ ನಿಗದಿತ ತೂಕ 26.73 ಗ್ರಾಂ, ವ್ಯಾಸ 38.1 ಮಿಲಿಮೀಟರ್, ಬೆಳ್ಳಿಯ ಪಾಲು ಶೇ 90, ಉಳಿದದ್ದು ತಾಮ್ರ. ಸವೆತವನ್ನು ಲೆಕ್ಕಕ್ಕೆ ಹಿಡಿದರೂ ಈ ಅಳತೆಗೆ ಹೊಂದದ ನಾಣ್ಯವನ್ನು ಅಲ್ಲಿಗೇ ಕೈಬಿಡಬಹುದು. ಆದರೆ ಹೊಂದಿಕೊಂಡ ಮಾತ್ರಕ್ಕೆ ಅದು ಅಸಲಿ ಎನ್ನಲಾಗದು. ಅಯಸ್ಕಾಂತದ ಮಾತೂ ಅಷ್ಟೇ. ಬೆಳ್ಳಿ ಅಂಟುವುದಿಲ್ಲ, ನಿಜ. ತಾಮ್ರ, ಹಿತ್ತಾಳೆ, ಸತು, ಸೀಸಗಳೂ ಅಂಟುವುದಿಲ್ಲ.

ನೀವು ಕೇಳಿರುವ ನಾಣ್ಯದ ವಿಷಯದಲ್ಲಿ ತೂಕದ ಪರೀಕ್ಷೆ ಇನ್ನಷ್ಟು ನಿರರ್ಥಕ. ಆ ವರ್ಷ ಆ ಟಂಕಸಾಲೆಯಲ್ಲಿ ಮುದ್ರಿತವಾದವು 1 ಲಕ್ಷ ಡಾಲರ್‌ಗಳು ಮಾತ್ರ. ಆ ಸರಣಿಯಲ್ಲಿ ಅತಿ ಬೇಡಿಕೆಯ ನಾಣ್ಯಗಳಲ್ಲಿ ಇದೂ ಒಂದು. ಆದ್ದರಿಂದ ಮೋಸಗಾರರು ಇಡೀ ನಾಣ್ಯವನ್ನು ತಯಾರಿಸುವ ತೊಂದರೆಗೆ ಹೋಗದೆ, ಟಂಕಸಾಲೆಯ ಗುರುತಿಲ್ಲದ 1893ರ ಅಸಲಿ ಡಾಲರಿನ ಹಿಂಬದಿಯಲ್ಲಿ, ಎಲೆಮಾಲೆಯ ಕೆಳಗೆ, ಸ್ಯಾನ್ ಫ್ರಾನ್ಸಿಸ್ಕೊದ ಗುರುತಾದ ಪುಟ್ಟದೊಂದು 'ಎಸ್' ಅಕ್ಷರವನ್ನು ಅಂಟಿಸುತ್ತಾರೆ. ಅಂಥ ನಾಣ್ಯದ ಬೆಳ್ಳಿ ಅಸಲಿ, ತೂಕ ಅಸಲಿ, ನಾದವೂ ಅಸಲಿ. ಸುಳ್ಳಾಗಿರುವುದು ಆ ಒಂದು ಅಕ್ಷರ. ಹಾಗಾಗಿ ಆ ಅಕ್ಷರದ ಬುಡವನ್ನು ಹತ್ತಿರದಿಂದ ತೆಗೆದ, ಸ್ಪಷ್ಟವಾದ ಫೋಟೊ ಕೇಳಿ. ಬುಡದ ಸುತ್ತ ಸೂಕ್ಷ್ಮವಾದ ಬಿರುಕಿನಂಥ ಗೆರೆಯೋ, ಬಣ್ಣದ ವ್ಯತ್ಯಾಸವೋ, ಕೆರೆದು ನುಣುಪು ಮಾಡಿದ ಗುರುತೋ ಕಂಡರೆ ಅನುಮಾನಿಸಬೇಕು. ಅಸಲಿ ನಾಣ್ಯಗಳ ಮುಂಬದಿಗೆ ಬಳಕೆಯಾದದ್ದು ಒಂದೇ ಅಚ್ಚು ಎಂಬುದು ನಿಮಗಿರುವ ಅನುಕೂಲ. ಆ ಅಚ್ಚಿನಲ್ಲಿದ್ದ ಗೀರೊಂದು ಮುಂಬದಿಯ ಚಿತ್ರದಲ್ಲಿರುವ ಸ್ವಾತಂತ್ರ್ಯ ದೇವಿಯ ತಲೆಪಟ್ಟಿಯಲ್ಲಿರುವ 'ಲಿಬರ್ಟಿ' ಪದದ 'ಟಿ' ಅಕ್ಷರದ ಮೇಲ್ಭಾಗದಲ್ಲಿ ಸಣ್ಣ ಓರೆಗೆರೆಯಾಗಿ ಉಬ್ಬಿ ನಿಂತಿದೆ. ತೀರಾ ಸವೆಯದ ನಾಣ್ಯದಲ್ಲಿ ಈ ಗೆರೆ ಕಾಣಲೇಬೇಕು.

ವಿಡಿಯೊದಲ್ಲಿರುವ ನಾಣ್ಯವೇ ನಿಮ್ಮ ಕೈ ಸೇರುತ್ತದೆ ಎಂಬುದಕ್ಕೂ ಖಾತರಿಯಿಲ್ಲ. ಇಂದಿನ ದಿನಾಂಕ ಬರೆದ ಚೀಟಿಯ ಪಕ್ಕದಲ್ಲಿ ನಾಣ್ಯವನ್ನಿಟ್ಟು ಎರಡೂ ಮುಖ ಹಾಗೂ ಅಂಚಿನ ಫೋಟೊ ಕಳುಹಿಸುವಂತೆ ಕೇಳಿ. ಪ್ರಾಮಾಣಿಕರಿಗೆ ಇದು ಎರಡು ನಿಮಿಷದ ಕೆಲಸ.

ಪ್ರಶ್ನೆ: ಇಸವಿಯನ್ನೇ ತಿದ್ದಿದ ನಾಣ್ಯಗಳೂ ಇರುತ್ತವೆಯೇ? ಅವುಗಳನ್ನು ಗುರುತಿಸುವುದು ಹೇಗೆ?

ಉತ್ತರ: ಇರುತ್ತವೆ, ಧಾರಾಳವಾಗಿ. ಯುದ್ಧಕಾಲದಲ್ಲಿ ತಾಮ್ರ ಬೇರೆ ಕೆಲಸಗಳಿಗೆ ಬೇಕಾಗಿದ್ದರಿಂದ 1943ರಲ್ಲಿ ಅಮೆರಿಕದ ಸೆಂಟ್‌ಗಳನ್ನು ಸತು ಲೇಪಿಸಿದ ಉಕ್ಕಿನಲ್ಲಿ ಮುದ್ರಿಸಲಾಯಿತು. ಕಣ್ತಪ್ಪಿನಿಂದ ಕಂಚಿನ ಬಿಲ್ಲೆಗಳಲ್ಲಿ ಮೂಡಿಬಂದ ಬೆರಳೆಣಿಕೆಯಷ್ಟು ನಾಣ್ಯಗಳು ಈಗ ಅತ್ಯಂತ ಅಪರೂಪ. ಉಕ್ಕಿನ ಸೆಂಟ್‌ಗೆ ತಾಮ್ರದ ಲೇಪ ಕೊಟ್ಟವರನ್ನು ಅಯಸ್ಕಾಂತ ಕ್ಷಣದಲ್ಲಿ ಹಿಡಿದುಕೊಡುತ್ತದೆ. ತೂಕವೂ ಸುಮಾರು 2.7 ಗ್ರಾಂ ಬರುತ್ತದೆ, ಕಂಚಿನದ್ದಾದರೆ 3.11 ಗ್ರಾಂ ಇರಬೇಕು. ಆದರೆ 1948ರ ಕಂಚಿನ ಸೆಂಟ್‌ನ ಕೊನೆಯ ಎಂಟನ್ನು ಅರ್ಧ ಕೆರೆದು ಮೂರು ಮಾಡಿದವರ ಮುಂದೆ ಅಯಸ್ಕಾಂತವೂ ತಕ್ಕಡಿಯೂ ಮೌನ ವಹಿಸುತ್ತವೆ. ಅಲ್ಲಿ ನೋಡಬೇಕಾದದ್ದು ಅಂಕಿಯ ಆಕಾರ: 1943ರ ಮೂರರ ಬಾಲ ಉಳಿದ ಅಂಕಿಗಳ ಸಾಲಿಗಿಂತ ಕೆಳಕ್ಕೆ ಇಳಿದಿರುತ್ತದೆ, ತಿದ್ದಿದ ಎಂಟಿನಲ್ಲಿ ಅದು ಬರುವುದಿಲ್ಲ.

ಇನ್ನೊಂದು ಉದಾಹರಣೆ ನನಗೆ ಬಹಳ ಪ್ರಿಯವಾದದ್ದು. ಡೆನ್ವರ್ ಟಂಕಸಾಲೆಯ 1914ರ ಸೆಂಟ್ ದುರ್ಲಭ, 1944ರದ್ದು ಸರ್ವೇಸಾಮಾನ್ಯ. ನಡುವಿನ ನಾಲ್ಕನ್ನು ಕೆರೆದು ಒಂದು ಮಾಡುವುದು ಹಳೆಯ ಕೈಚಳಕ. ಆದರೆ ವಿನ್ಯಾಸಕಾರ ವಿಕ್ಟರ್ ಡೇವಿಡ್ ಬ್ರೆನ್ನರ್ ಅವರ 'ವಿ.ಡಿ.ಬಿ.' ಎಂಬ ಮೊದಲಕ್ಷರಗಳು ನಾಣ್ಯದ ಮೇಲಿನ ಲಿಂಕನ್ನರ ಚಿತ್ರದ ಭುಜದ ಅಂಚಿನಲ್ಲಿ ಸೇರಿದ್ದು 1918ರಲ್ಲಿ. 1914ರದ್ದೆಂದು ಹೇಳುವ ಸೆಂಟ್‌ನ ಭುಜದ ಮೇಲೆ ಆ ಅಕ್ಷರಗಳಿದ್ದರೆ ಮುಂದಿನ ಪರೀಕ್ಷೆಯ ಅಗತ್ಯವೇ ಇಲ್ಲ. ಅಕ್ಷರಗಳನ್ನೂ ಕೆರೆದು ತೆಗೆದಿದ್ದಾರೆಂದುಕೊಳ್ಳಿ, ಆಗಲೂ 9 ಮತ್ತು 1ರ ನಡುವಿನ ಅಂತರ ಇರಬೇಕಾದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಪ್ರಶ್ನೆ: ಅಥೆನ್ಸಿನ ಗೂಬೆ ಚಿತ್ರದ ಬೆಳ್ಳಿ ನಾಣ್ಯಗಳನ್ನು ಇಬ್ಬರು ಬೇರೆಬೇರೆ ಮಾರಾಟಗಾರರ ಬಳಿ ನೋಡಿದೆ. ಎರಡೂ ಪಡಿಯಚ್ಚು, ಅಂಚಿನ ಸೀಳೂ ಒಂದೇ. ಒಂದೇ ಅಚ್ಚಿನಿಂದ ಬಂದಿದ್ದರೆ ಹೀಗಾಗಬಹುದಲ್ಲವೇ?

ಉತ್ತರ: ಚಿತ್ರ ಒಂದೇ ಆಗಬಹುದು, ಅಂಚಿನ ಸೀಳು ಒಂದೇ ಆಗಲಾರದು. ಪ್ರಾಚೀನ ನಾಣ್ಯಗಳನ್ನು ಬಿಸಿಲೋಹದ ಬಿಲ್ಲೆಯನ್ನು ಅಚ್ಚುಗಳ ನಡುವೆ ಇಟ್ಟು, ಸುತ್ತಿಗೆಯಿಂದ ಒಂದೊಂದಾಗಿ ಬಡಿದು ತಯಾರಿಸುತ್ತಿದ್ದರು. ಆದ್ದರಿಂದ ಒಂದೇ ಅಚ್ಚಿನ ನಾಣ್ಯಗಳಲ್ಲೂ ಬಿಲ್ಲೆಯ ಸುತ್ತಳತೆಯ ಆಕಾರ, ಚಿತ್ರ ಕೂತ ಜಾಗ, ಅಂಚಿನಲ್ಲಿ ಬಾಯಿಬಿಟ್ಟ ಸೀಳು, ಬಳಕೆಯಿಂದಾದ ಗೀರುಗಳು ಬೇರೆಬೇರೆಯೇ ಆಗಿರುತ್ತವೆ. ಇವೆಲ್ಲವೂ ತಾಳೆಯಾದರೆ ಎರಡರಲ್ಲಿ ಒಂದಾದರೂ, ಬಹುಶಃ ಎರಡೂ, ಯಾವುದೋ ಮೂಲ ನಾಣ್ಯದಿಂದ ತೆಗೆದ ಪ್ರತಿಗಳು. ಇದೇ ಸೂತ್ರ ಯಂತ್ರದಲ್ಲಿ ಮುದ್ರಿತವಾದ ನಾಣ್ಯಗಳಿಗೂ ಸಲ್ಲುತ್ತದೆ: ಚಲಾವಣೆಯಲ್ಲಿ ತಗುಲಿದ ಏಟಿನ ಗುರುತು ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ಎರಡು ನಾಣ್ಯಗಳ ಮೇಲಿದ್ದರೆ, ಏಟು ತಿಂದ ಒಂದು ಅಸಲಿ ನಾಣ್ಯದಿಂದ ಯಾರೋ ಖೋಟಾ ಅಚ್ಚು ಮಾಡಿಕೊಂಡಿದ್ದಾರೆ ಎಂದರ್ಥ. ಹೀಗಾಗಿ ಒಂದು ನಾಣ್ಯದ ಮೇಲೆ ಕಣ್ಣು ಬಿದ್ದಾಗ ಅದೇ ಬಗೆಯ, ಹಿಂದೆ ಮಾರಾಟವಾದ ನಾಣ್ಯಗಳ ಫೋಟೊಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡುವುದು ಯಾವ ಉಪಕರಣಕ್ಕಿಂತಲೂ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಎರಕ ಹೊಯ್ದ ಪ್ರತಿಗಳಲ್ಲಿ ಗಾಳಿಗುಳ್ಳೆಯಿಂದಾದ ಸೂಜಿಮೊನೆಯಷ್ಟು ಗುಳಿಗಳೂ, ಅಂಚು ಮೊಂಡಾದ ಅಕ್ಷರಗಳೂ, ಎರಕದ ಕೂಡುಗೆರೆಯನ್ನು ಅಳಿಸಲು ಅರದಿಂದ ಉಜ್ಜಿದ ಅಂಚೂ ಸಿಗುತ್ತವೆ. ಅಚ್ಚನ್ನೇ ಹೊಸದಾಗಿ ಕೆತ್ತಿದವರನ್ನು ಹಿಡಿಯುವುದು ಕಷ್ಟ. ಜರ್ಮನಿಯ ಖೋಟಾ ನಾಣ್ಯಕಾರ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಕೆತ್ತಿದ ಅಚ್ಚುಗಳು ಈಗ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ತನ್ನ ಹೊಸ ನಾಣ್ಯಗಳನ್ನು ಕಬ್ಬಿಣದ ಪುಡಿಯೊಂದಿಗೆ ಪೆಟ್ಟಿಗೆಯಲ್ಲಿ ಹಾಕಿ, ಅದನ್ನು ಗಾಡಿಗೆ ಕಟ್ಟಿ ಊರು ಸುತ್ತಿಸಿ ಸವೆಸುತ್ತಿದ್ದನೆಂದು ಹೇಳುತ್ತಾರೆ. ಹಳೆಯ ಕಿಲುಬು, ಹಳೆಯ ಸವೆತಗಳನ್ನು ಕಂಡೊಡನೆ ನಂಬುವವರು ಈ ಗಾಡಿಯನ್ನು ನೆನಪಿಟ್ಟುಕೊಳ್ಳಬಹುದು.

ಪ್ರಶ್ನೆ: ನಾಣ್ಯದ ಅಸಲಿತನ, ಗುಣಮಟ್ಟಗಳನ್ನು ಪರೀಕ್ಷಿಸುವ ದರ್ಜೆ ನಿರ್ಣಯ ಸಂಸ್ಥೆಯ ಪ್ಲಾಸ್ಟಿಕ್ ಕವಚದಲ್ಲಿ ಮೊಹರಾಗಿ ಬಂದ ನಾಣ್ಯವನ್ನಾದರೂ ಕಣ್ಣುಮುಚ್ಚಿ ಕೊಳ್ಳಬಹುದೇ?

ಉತ್ತರ: ಕಣ್ಣು ಮುಚ್ಚಬೇಡಿ. ಪಿಸಿಜಿಎಸ್, ಎನ್‌ಜಿಸಿಯಂಥ ಹೆಸರಾಂತ ಸಂಸ್ಥೆಗಳ ಕವಚ ಹಾಗೂ ಚೀಟಿಗಳನ್ನೇ ನಕಲು ಮಾಡಿದ ಪ್ರಕರಣಗಳು ಸಾಕಷ್ಟಿವೆ. ಚೀಟಿಯ ಮೇಲಿನ ಪ್ರಮಾಣಪತ್ರ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ನೀವೇ ಟೈಪ್ ಮಾಡಿ ನೋಡಿ. ಮಾರಾಟಗಾರರು ಕಳುಹಿಸಿದ ಕೊಂಡಿಯನ್ನು ಒತ್ತಬೇಡಿ. ಖೋಟಾ ಕವಚಗಳಲ್ಲಿ ಯಾವುದೋ ಅಸಲಿ ನಾಣ್ಯದ ಸಂಖ್ಯೆಯನ್ನು ಎತ್ತಿ ಹಾಕುವುದರಿಂದ ಸಂಖ್ಯೆ ಸಿಕ್ಕರಷ್ಟೇ ಸಾಲದು, ದಾಖಲೆಯಲ್ಲಿ ಫೋಟೊ ಇದ್ದರೆ ಗೀರು, ಕಲೆಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಯಾರೂ ಹೆಸರು ಕೇಳದ ಸಂಸ್ಥೆಯ ಕವಚವಾದರೆ ಅದನ್ನು ಬರಿಯ ಪ್ಲಾಸ್ಟಿಕ್ ಡಬ್ಬಿ ಎಂದೇ ತಿಳಿಯಿರಿ.

ಪ್ರಶ್ನೆ: ನಾಣ್ಯದ ಸೂಕ್ಷ್ಮಗಳು ನನಗೆ ತಿಳಿಯವು. ಮಾರಾಟಗಾರರನ್ನು ನೋಡಿಯೇ ಮೋಸವನ್ನು ಊಹಿಸಲು ಸಾಧ್ಯವೇ?

ಉತ್ತರ: ಬಹುಮಟ್ಟಿಗೆ ಸಾಧ್ಯ, ಫೋಟೊ ನೋಡಿ ಕೊಳ್ಳುವ ವ್ಯವಹಾರದಲ್ಲಿ ನಾಣ್ಯಕ್ಕಿಂತ ಮೊದಲು ಮಾರಾಟಗಾರರನ್ನು ಪರಿಶೀಲಿಸುವುದೇ ಸರಿಯಾದ ಕ್ರಮ. ಅವರ ಹಳೆಯ ವಹಿವಾಟುಗಳನ್ನು ತೆರೆದು ನೋಡಿ. ನೂರಾರು ಮೆಚ್ಚುಗೆಗಳಿದ್ದರೂ ಅವೆಲ್ಲ ಮೊಬೈಲ್ ಕವಚ, ಕೀಚೈನುಗಳ ಮಾರಾಟಕ್ಕೆ ಬಂದವಾಗಿದ್ದು, ಬಹುಕಾಲ ಸುಮ್ಮನಿದ್ದ ಖಾತೆಯಲ್ಲಿ ಇದ್ದಕ್ಕಿದ್ದಂತೆ ದುರ್ಲಭ ನಾಣ್ಯಗಳ ಸಾಲೇ ಕಾಣಿಸಿಕೊಂಡರೆ, ಆ ಖಾತೆ ಕಳ್ಳರ ಕೈ ಸೇರಿರುವ ಸಂಭವವಿದೆ. ಸಂಗ್ರಾಹಕರು ಜೀವಮಾನವಿಡೀ ಹುಡುಕುವ ನಾಣ್ಯ ಒಬ್ಬರ ಬಳಿಯೇ ಪ್ರತಿ ವಾರ ಒಂದೊಂದು ಸಿಗುತ್ತಿದ್ದರೆ ಅದಕ್ಕೆ ವಿವರಣೆ ಒಂದೇ, ಅವು ಖೋಟಾ.

ವಿವರಣೆಯ ಭಾಷೆಯನ್ನೂ ಗಮನಿಸಿ. "ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು, ನನಗೆ ನಾಣ್ಯದ ಬಗ್ಗೆ ಏನೂ ಗೊತ್ತಿಲ್ಲ, ಫೋಟೊ ನೋಡಿ ನೀವೇ ತೀರ್ಮಾನಿಸಿ, ಹಿಂದಿರುಗಿಸುವಂತಿಲ್ಲ" ಎಂಬ ಮಾತುಗಳು ಜೊತೆಯಾಗಿ ಬಂದಾಗ, ಮುಂದೆ ಬರಬಹುದಾದ ದೂರಿಗೆ ಉತ್ತರವನ್ನು ಅವರು ಈಗಲೇ ಬರೆದಿಟ್ಟುಕೊಂಡಿದ್ದಾರೆ ಎಂದು ತಿಳಿಯಬೇಕು. ಏನೂ ತಿಳಿಯದವರು ಅತ್ಯಂತ ದುಬಾರಿ ಇಸವಿಯನ್ನೇ ಶೀರ್ಷಿಕೆಯಲ್ಲಿ ದಪ್ಪಕ್ಷರದಲ್ಲಿ ಹಾಕಿರುತ್ತಾರೆ ಎಂಬುದು ತಮಾಷೆಯ ಸಂಗತಿ. ಫೋಟೊ ಮಸುಕಾಗಿದ್ದರೆ, ಅಂಚಿನ ಚಿತ್ರವೇ ಇಲ್ಲದಿದ್ದರೆ, ಬೇರೆ ಹರಾಜು ಸಂಸ್ಥೆಯ ಹಳೆಯ ಪಟ್ಟಿಯಿಂದ ಕದ್ದದ್ದಿರಬಹುದೆಂಬ ಶಂಕೆ ಬಂದರೆ, ಚಿತ್ರದ ಮೂಲಕವೇ ಅಂತರಜಾಲದಲ್ಲಿ ಹುಡುಕುವ ಸೌಲಭ್ಯವನ್ನು ಬಳಸಿ.

ಬಿಡ್‌ಗಳ ಇತಿಹಾಸವೂ ಕಥೆ ಹೇಳುತ್ತದೆ. ಒಬ್ಬರೇ ಮಾರಾಟಗಾರರ ಎಲ್ಲ ಹರಾಜುಗಳಲ್ಲೂ ಅದೇ ಖಾತೆ ಬೆಲೆ ಏರಿಸಿ, ಕೊನೆಗೆ ಎಂದೂ ಗೆಲ್ಲದೆ ಉಳಿಯುತ್ತಿದ್ದರೆ, ಅದು ಅವರದೇ ಕಡೆಯವರ ಸುಳ್ಳು ಬಿಡ್ ಆಗಿರುವ ಸಾಧ್ಯತೆ ಹೆಚ್ಚು. ಹರಾಜು ಮುಗಿದ ಮೇಲೆ "ಗೆದ್ದವರು ಹಿಂದೆ ಸರಿದರು, ನಿಮಗೇ ಕೊಡುತ್ತೇನೆ, ಹಣವನ್ನು ನೇರವಾಗಿ ಖಾತೆಗೆ ಹಾಕಿ" ಎಂಬ ಸಂದೇಶ ಬಂದರೆ ಉತ್ತರಿಸಬೇಡಿ. ಜಾಲತಾಣದ ಹೊರಗೆ ಹಣ ಕೊಟ್ಟ ಕ್ಷಣದಿಂದ ಅದರ ರಕ್ಷಣೆ ನಿಮಗಿರುವುದಿಲ್ಲ.

ಪ್ರಶ್ನೆ: ನನ್ನ ಹಳೆಯ ನಾಣ್ಯವನ್ನು ಭಾರಿ ಬೆಲೆಗೆ ಕೊಳ್ಳುವುದಾಗಿ ಹೇಳಿದವರು ಮೊದಲು ನೋಂದಣಿ ಶುಲ್ಕ ಕೇಳುತ್ತಿದ್ದಾರೆ. ಕೊಡಲೇ?

ಉತ್ತರ: ಕೊಡಬೇಡಿ. ಕೊಳ್ಳುವವರು ಹಣ ಕೊಡಬೇಕೇ ಹೊರತು ಕೇಳುವುದಲ್ಲ.

ಪ್ರಶ್ನೆ: ತರಿಸಿಕೊಂಡ ಬೆಳ್ಳಿ ನಾಣ್ಯ ಖೋಟಾ ಎಂಬ ಅನುಮಾನ ಬಂದಿದೆ. ದೂರು ಹಿಂತೆಗೆದುಕೊಂಡರೆ ಅರ್ಧ ಹಣ ಮರಳಿಸುವುದಾಗಿ ಮಾರಾಟಗಾರರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಒಪ್ಪಬೇಡಿ, ಒಮ್ಮೆ ಹಿಂತೆಗೆದುಕೊಂಡ ದೂರನ್ನು ಮತ್ತೆ ತೆರೆಯಲು ಬಹುತೇಕ ಕಡೆ ಅವಕಾಶವಿರುವುದಿಲ್ಲ. ನಾಣ್ಯವನ್ನು ಉಜ್ಜುವುದು, ಆಮ್ಲ ಹಾಕುವುದು, ಅಂಚು ಕೆರೆದು ನೋಡುವುದು ಬೇಡ: ಅಸಲಿಯಾಗಿದ್ದರೆ ಬೆಲೆ ಕೆಡುತ್ತದೆ, ಖೋಟಾ ಆಗಿದ್ದರೆ ನೀವೇ ಹಾಳುಮಾಡಿದಿರೆಂಬ ಮಾತು ಬರುತ್ತದೆ. ಹಾನಿಯಿಲ್ಲದ ಪರೀಕ್ಷೆಯೆಂದರೆ ಸಾಂದ್ರತೆಯದು. ನಾಣ್ಯವನ್ನು ಮೊದಲು ಒಣದಾಗಿ ತೂಗಿ. ಬಳಿಕ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತಂದು, ನಾಣ್ಯವನ್ನು ನವಿರಾದ ದಾರದಲ್ಲಿ ತಳಕ್ಕೆ ತಾಗದಂತೆ ಮುಳುಗಿಸಿ ಹಿಡಿಯಿರಿ. ಒಣ ತೂಕವನ್ನು ಆಗ ಕಾಣುವ ಅಂಕಿಯಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸಿಗುತ್ತದೆ. ಶೇ 90ರ ಬೆಳ್ಳಿಗೆ ಅದು ಸುಮಾರು 10.3 ಬರಬೇಕು, 9ಕ್ಕಿಂತ ಕೆಳಗೆ ಬಂದರೆ ಹಿತ್ತಾಳೆಯಂಥ ಮಿಶ್ರಲೋಹವಿರಬೇಕು. ಚಿನ್ನದ ವಿಷಯದಲ್ಲಿ ಮಾತ್ರ ಈ ಪರೀಕ್ಷೆಯೊಂದನ್ನೇ ನೆಚ್ಚಬೇಡಿ, ಏಕೆಂದರೆ ಟಂಗ್‌ಸ್ಟನ್ನಿನ ಸಾಂದ್ರತೆ ಅಪ್ಪಟ ಚಿನ್ನದ್ದಕ್ಕೆ ಬಹಳ ಹತ್ತಿರವಿದೆ.

ಫಲಿತಾಂಶ, ಫೋಟೊ, ಸಾಧ್ಯವಾದರೆ ಸ್ವತಂತ್ರ ತಜ್ಞರೊಬ್ಬರ ಲಿಖಿತ ಅಭಿಪ್ರಾಯ, ಇವಿಷ್ಟನ್ನು ಗಡುವಿನೊಳಗೆ ಜಾಲತಾಣಕ್ಕೆ ಸಲ್ಲಿಸಿ, ಪೂರ್ಣ ಮರುಪಾವತಿಯನ್ನೇ ಕೇಳಿ. ಕಾರ್ಡಿನಲ್ಲಿ ಪಾವತಿಸಿದ್ದರೆ ಬ್ಯಾಂಕಿಗೂ ತಿಳಿಸಿ. ಜಾಲತಾಣ ಹೇಳುವವರೆಗೆ ನಾಣ್ಯವನ್ನು ವಾಪಸು ಕಳುಹಿಸಬೇಡಿ, ಕಳುಹಿಸುವಾಗ ಸ್ವೀಕೃತಿಯ ಸಹಿ ಸಿಗುವ ಅಂಚೆಯಲ್ಲೇ ಕಳುಹಿಸಿ, ರಸೀದಿಯನ್ನು ಹಣ ಕೈಸೇರುವ ತನಕ ಜೋಪಾನವಾಗಿಡಿ.